ಮೇಲೆ ಹೊಸ ದಾರ, ಒಳಗೆ ಹಳೆಯದು

ನನ್ನ ಬಾವ ಗಾಳ ಹಾಕುವುದನ್ನು ನಿಲ್ಲಿಸಿದ್ದು ನನ್ನಿಂದಾಗಿ. ಇದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ. ಕೇಳಿದವರಿಗೆ ಹೇಳಿದ್ದೇನೆ, ಕೇಳದವರಿಗೂ ಒಂದೆರಡು ಸಲ ಹೇಳಿದ್ದೇನೆ. ಆದರೆ ಏಕೆ ಹಾಗೆ ಮಾಡಿದೆ ಎನ್ನುವುದನ್ನು ಪೂರ್ತಿಯಾಗಿ ಹೇಳಿದ್ದು ಕಡಿಮೆ.

ನಮ್ಮ ಮನೆ ಇದ್ದದ್ದು ಕಾಪುವಿನಲ್ಲಿ, ದೀಪಸ್ತಂಭಕ್ಕೆ ಹೋಗುವ ದಾರಿಯ ಪಕ್ಕ. ಅಪ್ಪ ಎಲ್ಲೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟರ್. ಅಮ್ಮ ಬೇಗ ತೀರಿಹೋಗಿದ್ದರು. ಅಕ್ಕ ಮದುವೆಯಾಗಿ ಕಾರ್ಕಳ ಸೇರಿದ್ದಳು. ಅವಳ ಗಂಡ ಬಹರೈನಿನಲ್ಲಿ ಕೆಲಸದಲ್ಲಿದ್ದರು. ನಾನು ಮಣಿಪಾಲದಲ್ಲಿ ಒಂದು ಲ್ಯಾಬಿನಲ್ಲಿ ಟೆಕ್ನೀಶಿಯನ್. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಮರಳುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು.

ಅಪ್ಪನಿಗೆ ಇದ್ದ ಹವ್ಯಾಸ ಒಂದೇ. ಮಳೆಗಾಲ ಕಳೆದು ಹೊಳೆಯ ಕೆಂಪು ನೀರು ತಿಳಿಯಾಗುವ ಹೊತ್ತಿಗೆ, ಭಾನುವಾರ ಬೆಳಿಗ್ಗೆ ಗಾಳದ ಕೋಲು ಹೆಗಲಿಗಿಟ್ಟು ಅಳಿವೆಗೆ ಹೋಗುವುದು. ಹೊಳೆ ಸಮುದ್ರ ಸೇರುವ ಆ ಜಾಗದಲ್ಲಿ ಹಳೆಯ ಕಲ್ಲಿನ ಕಟ್ಟೆಯೊಂದು ನೀರಿಗೆ ಚಾಚಿಕೊಂಡಿತ್ತು. ಉಪ್ಪುನೀರೂ ಸಿಹಿನೀರೂ ಕಲೆಯುವಲ್ಲಿ, ಕಲ್ಲುಗಳ ಸಂದಿಯಲ್ಲಿ, ಬೆಳ್ಳಿಬಣ್ಣದ ದೊಡ್ಡ ಮೀನೊಂದು ಕಾದು ಕುಳಿತಿರುತ್ತದೆ. ಕೊಂಕಣಿಯವರು ಅದನ್ನು ಚೊಣಕ್ ಎನ್ನುತ್ತಾರೆ. ಮಣಿಪಾಲದ ಡಾಕ್ಟರುಗಳು ಸೀ ಬಾಸ್ ಎನ್ನುತ್ತಿದ್ದರು. ಸಣ್ಣ ಬಾಯಿಯಲ್ಲ ಅದರದ್ದು. ಜೀವಂತ ಸಿಗಡಿಯನ್ನು ನೀರಿನೊಂದಿಗೆ ಒಮ್ಮೆಲೇ ಎಳೆದುಕೊಳ್ಳುತ್ತದೆ. ಗಾಳ ಚುಚ್ಚಿದ ಮೇಲೆ ಅರ್ಧ ಮೈಯನ್ನು ನೀರಿನಿಂದ ಹೊರಗೆ ಎತ್ತಿ ತಲೆ ಒದರುತ್ತದೆ. ಅದರ ಕಿವಿರಿನ ಅಂಚು ಬ್ಲೇಡಿನ ಹಾಗೆ.

ಅಪ್ಪ ಅಂಥ ಮೀನನ್ನು ಬಿದಿರಿನ ಕೋಲಿನಲ್ಲಿ ಹಿಡಿಯುತ್ತಿದ್ದರು, ರೀಲು ಇಲ್ಲದೆ. ದಾರ ಕೋಲಿನ ತುದಿಯ ಉಂಗುರದಿಂದ ಇಳಿದು ಎಡಗೈಯಲ್ಲಿದ್ದ ಮರದ ಚಕ್ಕೆಗೆ ಸುತ್ತಿಕೊಂಡಿರುತ್ತಿತ್ತು. ಮೀನು ಓಡಿದರೆ ಬೆರಳ ಸಂದಿಯಿಂದ ಬಿಡುವುದು, ನಿಂತರೆ ಸುತ್ತುವುದು.

ಆ ವರ್ಷ ಬಾವ ರಜೆಯಲ್ಲಿ ಬಂದಾಗ ಒಂದು ಫೈಬರ್ ಕೋಲು ತಂದಿದ್ದರು. ಹಳದಿ ಬಣ್ಣ, ಮಧ್ಯದಲ್ಲಿ ಬಿಚ್ಚಿ ಎರಡು ತುಂಡು ಮಾಡಬಹುದು, ಹಿಡಿಗೆ ಬೂಚಿನ ತೊಗಟೆ, ಹೊಳೆಯುವ ರೀಲು. ಕಾಪುವಿನ ಅರ್ಧ ಊರು ಅದನ್ನು ಮುಟ್ಟಿ ನೋಡಿತು. ಭಾನುವಾರ ಅಪ್ಪನ ಜೊತೆ ಅವರೂ ಅಳಿವೆಗೆ ಹೊರಟರು. ನಾನು ಚಹಾದ ಫ್ಲಾಸ್ಕ್ ಹಿಡಿದು ಹಿಂದೆ ಹೋದೆ.

ಮೂರು ಗಂಟೆ ಬಾವನಿಗೆ ಏನೂ ಸಿಗಲಿಲ್ಲ. ಅಪ್ಪನ ಕೋಲು ಬಾಗಿತು. ಅಂಥ ಬಾಗುವಿಕೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಪ್ಪ ಸುಮಾರು ಅರ್ಧ ಗಂಟೆ ಆ ಮೀನನ್ನು ಬಿಟ್ಟರು, ಎಳೆದರು, ಕಲ್ಲಿನ ಕಡೆಗೆ ಹೋಗದಂತೆ ತಿರುಗಿಸಿದರು. ಕೊನೆಗೆ ಅದು ಸೋತು, ಪಕ್ಕಕ್ಕೆ ಮಲಗಿ, ಮರಳಿನ ಅಂಚಿಗೆ ಬಂತು. ಆಗ ಬಾವ ಪ್ಯಾಂಟು ಮಡಚಿ ನೀರಿಗಿಳಿದು, ಕಿವಿರಿಗೆ ಕೈಹಾಕಿ ದಡಕ್ಕೆ ಎಳೆದರು. ಅಂಗೈ ಕೊಯ್ದುಕೊಂಡರು. ಅಪ್ಪ ಕಲ್ಲಿನ ಮೇಲೆ ಕುಳಿತರು. ಅವರ ಬಲಗೈ ನಡುಗುತ್ತಿತ್ತು.

ಆ ನಡುಕ ಅವತ್ತಿನದ್ದಲ್ಲ. ಒಂದು ವರ್ಷದಿಂದ ಇತ್ತು. ನನಗೆ ಗೊತ್ತಿತ್ತು, ಅಕ್ಕನಿಗೆ ಗೊತ್ತಿತ್ತು, ಅಕ್ಕನಿಂದ ಬಾವನಿಗೂ ಗೊತ್ತಿತ್ತು. ಶಾಲೆಯಲ್ಲಿ ಗೊತ್ತಿರಲಿಲ್ಲ. ಬೋರ್ಡಿನ ಮೇಲೆ ಗೆರೆ ಎಳೆಯುವಾಗ ಅಪ್ಪ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದರು. ನಿವೃತ್ತಿಗೆ ಇನ್ನು ಎರಡು ವರ್ಷವಿತ್ತು.

ಮರುದಿನ ಬಾವ ಐಸಿನಲ್ಲಿಟ್ಟ ಮೀನನ್ನು ಉಡುಪಿಗೆ ಒಯ್ದು ಸ್ಟುಡಿಯೋದಲ್ಲಿ ಅದರ ಜೊತೆ ಫೋಟೋ ತೆಗೆಸಿಕೊಂಡರು, ಬಲಗೈಯಲ್ಲಿ ಫೈಬರ್ ಕೋಲು ಹಿಡಿದು. ಮುಂದಿನ ವಾರ ಕಾಪುವಿನಲ್ಲೇ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಅವರು ಫೋಟೋ ಹಂಚಿದರು. ನಾನು ಎದುರು ಸಾಲಿನಲ್ಲಿ ಕುಳಿತಿದ್ದೆ.

"ಮೀನು ಮೊದಲು ಕಚ್ಚಿದ್ದು ಮಾವನ ಗಾಳಕ್ಕೆ," ಎಂದರು ಬಾವ, ಎಲ್ಲರಿಗೂ ಕೇಳುವ ಹಾಗೆ. "ಆದರೆ ಎಂತ ಮಾಡುವುದು ಮಾರಾಯ್ರೇ, ಅವರ ಕೈ ನಡುಗುತ್ತದೆ ಅಲ್ವಾ? ಕೋಲು ಬಿಟ್ಟು ಕೂತೇಬಿಟ್ಟರು. ಕಡೆಗೆ ನಾನೇ ಹಿಡಿಯಬೇಕಾಯಿತು. ನೋಡಿ, ಕೈ ನೋಡಿ." ಅಂಗೈಯ ಗಾಯ ತೋರಿಸಿದರು.

"ಡ್ರಾಯಿಂಗ್ ಮಾಸ್ಟರ ಕೈ ನಡುಗುತ್ತದಾ?" ಎಂದು ಯಾರೋ ನಕ್ಕರು. ಬಾವನ ಸಾಲಿನಲ್ಲೇ, ನಾಲ್ಕು ಎಲೆ ಆಚೆಗೆ, ಅಪ್ಪನ ಶಾಲೆಯ ಹೆಡ್‌ಮಾಸ್ಟರು ಅನ್ನ ಕಲಸುತ್ತಿದ್ದರು. ಅವರ ಕೈ ನಿಂತಿತು.

ಹದಿನೈದು ದಿನದೊಳಗೆ ಅಪ್ಪನನ್ನು ತರಗತಿಯಿಂದ ಬಿಡಿಸಿ ಲೈಬ್ರರಿಗೆ ಹಾಕಿದರು. ಸಂಬಳ ಅದೇ. ಯಾರೂ ಒಂದು ಒರಟು ಮಾತು ಆಡಲಿಲ್ಲ. ಎರಡು ವರ್ಷ ಅಪ್ಪ ಪುಸ್ತಕಗಳಿಗೆ ಕಾಗದದ ರಟ್ಟು ಹಾಕಿದರು, ಅದೂ ನೆಟ್ಟಗೆ ಬರುತ್ತಿರಲಿಲ್ಲ. ಭಾನುವಾರದ ಗಾಳವೂ ನಿಂತಿತು. ನಾನು ಎಷ್ಟು ಕರೆದರೂ, "ಬೇಡ, ನೋಡಿದವರು ಎಂತ ಹೇಳುವುದು?" ಎನ್ನುತ್ತಿದ್ದರು.

ಬಾವ ಬಹರೈನಿಗೆ ಮರಳಿದರು. ಹೋಗುವ ಮೊದಲು ನನಗೆ ಒಂದು ಸೆಂಟು ಬಾಟಲಿ ಕೊಟ್ಟರು. ಅದನ್ನು ನಾನು ಬಚ್ಚಲಿನಲ್ಲಿ ಸುರಿದೆ. ಮೂರು ದಿನ ಮನೆಯಿಡೀ ಘಮಘಮ.

ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ: ಆ ಫೋಟೋದಲ್ಲಿದ್ದ ಮೀನಿಗಿಂತ ದೊಡ್ಡ ಮೀನು ಹಿಡಿಯಬೇಕು, ಅದೂ ಬಿದಿರಿನ ಕೋಲಿನಲ್ಲಿ, ಬಾವನ ಕಣ್ಣೆದುರು. ಹೆಣ್ಣುಮಕ್ಕಳು ಬಲೆ ನೇಯುತ್ತಿದ್ದರು, ಮೀನು ಮಾರುತ್ತಿದ್ದರು. ಕೋಲು ಹಿಡಿದು ಕಲ್ಲಿನ ಮೇಲೆ ನಿಲ್ಲುತ್ತಿರಲಿಲ್ಲ. ನಾನು ನಿಂತೆ. ನಗುವವರು ನಕ್ಕರು.

ಅಪ್ಪನ ಕೋಲು ನನಗೆ ಭಾರ, ಉದ್ದವೂ ಹೆಚ್ಚು. ಬೇರೆ ಹುಡುಕಬೇಕಾಯಿತು. ಕಾರ್ಕಳದ ಸಂತೆಗೆ ಘಟ್ಟದ ಬುಡದಿಂದ ಬುಟ್ಟಿ ಹೆಣೆಯುವ ಒಬ್ಬಾಕೆ ಬಿದಿರು ತರುತ್ತಿದ್ದಳು. ಮೊದಲ ಸಲ ನಾನು ನುಣುಪಾಗಿ ನೇರವಾಗಿದ್ದ ಎರಡನ್ನು ಆರಿಸಿದೆ. ಅವಳು ಅವನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಇದು ಬಟ್ಟೆ ಒಣಹಾಕಲಿಕ್ಕೆ ಆದೀತು. ಮೀನಿಗಾ? ಗಂಟು ಹತ್ತಿರ ಹತ್ತಿರ ಇರುವುದನ್ನು ನೋಡಿ ಅಕ್ಕ. ಬುಡ ಕಡಿದಲ್ಲಿ ಟೊಳ್ಳು ಉಂಟಾ ನೋಡಿ. ಟೊಳ್ಳಿದ್ದರೆ ಬಾಗುವುದಿಲ್ಲ, ಸೀಳುತ್ತದೆ."

ತುದಿಯನ್ನು ನೆಲಕ್ಕೆ ಒತ್ತಿ ಬಾಗಿಸುವುದನ್ನು ಅವಳೇ ಕಲಿಸಿದಳು. ತುದಿ ಮಾತ್ರ ಬಾಗಿದರೆ ಸಣ್ಣ ಮೀನಿನ ಕೋಲು. ಬುಡದಿಂದಲೇ ಬಾಗಿದರೆ ಜೀವವಿಲ್ಲದ ಕೋಲು, ಮೀನು ಕಲ್ಲಿನ ಸಂದಿಗೆ ನುಗ್ಗಿದರೆ ತಿರುಗಿಸಲಾಗದು. ಮೇಲಿನ ಮೂರರಲ್ಲೊಂದು ಭಾಗ ಮೆದುವಾಗಿ, ಕೆಳಗಿನದು ಬಿಗಿಯಾಗಿ, ಒತ್ತಡ ಬಿಟ್ಟ ಕ್ಷಣ ನೆಟ್ಟಗೆ ನಿಲ್ಲಬೇಕು. ಅಂಥದ್ದು ಮೂರನೆಯ ಸಂತೆಯಲ್ಲಿ ಸಿಕ್ಕಿತು. ಅದನ್ನು ಪೆರ್ಡೂರಿನಲ್ಲಿದ್ದ ದೊಡ್ಡಮ್ಮನ ಮನೆಗೆ ಒಯ್ದು ಒಲೆಯ ಮೇಲಿನ ಅಟ್ಟದಲ್ಲಿ ಐದು ತಿಂಗಳು ಹೊಗೆಗೆ ಇಟ್ಟೆ. ಆಮೇಲೆ ದೋಣಿಗೆ ಹಚ್ಚುವ, ಗೇರುಬೀಜದ ಸಿಪ್ಪೆಯ ಸುಡುವ ಎಣ್ಣೆಯನ್ನು ಹಚ್ಚಿದೆ. ಕೈಯ ಚರ್ಮ ಸುಲಿದುಹೋಯಿತು. ಲ್ಯಾಬಿನಲ್ಲಿ ಕೇಳಿದವರಿಗೆ ಆಸಿಡ್ ಬಿದ್ದದ್ದು ಎಂದೆ.

ಕೋಲಿಗಿಂತ ದಾರ ಕಷ್ಟ. ಮಲ್ಪೆಯ ಬಲೆ ಅಂಗಡಿಯಲ್ಲಿ ನೈಲಾನ್ ದಾರದ ಉಂಡೆಗಳು ಸಾಲುಸಾಲಾಗಿ ತೂಗುತ್ತಿದ್ದವು. ದಪ್ಪಗಿದ್ದರೆ ಮೀನಿಗೆ ಕಾಣುತ್ತದೆ, ಸಿಗಡಿ ಸಹಜವಾಗಿ ಈಜುವುದಿಲ್ಲ. ತೆಳ್ಳಗಿದ್ದರೆ ಕಲ್ಲಿಗೆ ಉಜ್ಜಿ ಹೋಗುತ್ತದೆ. ನಾನು ಒಂದೊಂದು ನಂಬರಿನದ್ದೂ ನಾಲ್ಕು ಮಾರು ತಂದು, ಮನೆಯ ತೊಲೆಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡಿದೆ. ಒಣಗಿದ್ದಾಗ, ಉಪ್ಪುನೀರಿನಲ್ಲಿ ಒಂದು ದಿನ ನೆನೆಸಿದಾಗ, ಗಂಟು ಹಾಕಿದಾಗ, ಗಂಟಿಗೆ ಎಂಜಲು ಹಚ್ಚಿ ಬಿಗಿದಾಗ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಂದು ದಿನ ಮಾತ್ರ, "ಗಾಳದ ಹತ್ತಿರ ಒಂದು ಮಾರು ದಪ್ಪದ್ದು ಕಟ್ಟು. ಕಿವಿರಿಗೆ ತಾಗುವುದು ಅಷ್ಟೇ ಜಾಗ," ಎಂದು ಹೇಳಿ ಒಳಗೆ ಹೋದರು.

ಹಾಗೆ ನೋಡುವಾಗ ನನಗೆ ತಿಳಿದದ್ದು ಇನ್ನೊಂದು. ಆಮೇಲೆ ಕೊಂಡ ಒಂದು ಪೂರ್ತಿ ಉಂಡೆಯನ್ನು ನಾನು ಕಿಟಕಿಯ ಹೊರಗಿನ ಹಲಗೆಯಲ್ಲಿ ಮರೆತಿದ್ದೆ. ಒಂದು ಪೂರಾ ಬೇಸಿಗೆ ಬಿಸಿಲಿನಲ್ಲಿ ಬಿದ್ದಿತ್ತು. ಕಣ್ಣಿಗೆ ಹೆಚ್ಚು ವ್ಯತ್ಯಾಸವಿಲ್ಲ, ಸ್ವಲ್ಪ ಮಂಕು. ತಕ್ಕಡಿಗೆ ಕಟ್ಟಿ ಎಳೆದರೆ ಹೊಸದು ತಡೆಯುವ ಭಾರದ ಕಾಲುಭಾಗಕ್ಕೇ ಹೋಯಿತು. ಅದನ್ನು ನಾನು ಬಿಸಾಡಲಿಲ್ಲ. ಏಕೆ ಎಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಎರಡು ವರ್ಷದಲ್ಲಿ ನಾನು ಸಾಧಾರಣ ಮೀನುಗಳನ್ನು ಬೇಕಾದಷ್ಟು ಹಿಡಿದೆ. ಫೋಟೋದ ಮೀನಿನಷ್ಟು ದೊಡ್ಡದು ಒಂದೂ ಸಿಗಲಿಲ್ಲ. ಆದರೆ ಕಾಪುವಿನಲ್ಲಿ ದಾರದ ವಿಷಯ ಕೇಳುವುದಿದ್ದರೆ ಡ್ರಾಯಿಂಗ್ ಮಾಸ್ಟರ ಸಣ್ಣ ಮಗಳನ್ನು ಕೇಳಿ ಎನ್ನುವಷ್ಟು ಹೆಸರಾಯಿತು.

ಎಂಬತ್ತರ ದಶಕ ಶುರುವಾಗಿತ್ತು. ಬಾವ ಬಹರೈನ್ ಬಿಟ್ಟು ಬಂದರು. ಉಡುಪಿಯಲ್ಲಿ ಟೇಪ್‌ರೆಕಾರ್ಡರು, ಫ್ಯಾನು ಮಾರುವ ಅಂಗಡಿ ತೆರೆಯುವ ಆಲೋಚನೆ. ಅದಕ್ಕೆ ಪಾಲುದಾರರಾಗಿ ಒಬ್ಬ ದೊಡ್ಡ ವ್ಯಾಪಾರಿಯನ್ನು ಒಲಿಸಿಕೊಳ್ಳುತ್ತಿದ್ದರು. ಆ ಮನುಷ್ಯನಿಗೆ ಗಾಳದ ಹುಚ್ಚು. ಬಾವ ಅವರಿಗೆ ಫೋಟೋ ತೋರಿಸಿದ್ದಾರೆ, ಅಳಿವೆಗೆ ಬನ್ನಿ ಎಂದು ಕರೆದಿದ್ದಾರೆ. ಆದರೆ ರೀಲಿನಲ್ಲಿದ್ದ ವಿದೇಶಿ ದಾರ ಮುಗಿದಿತ್ತು.

ಒಂದು ಸಂಜೆ ರೀಲನ್ನು ಕಾಗದದಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಅಪ್ಪ ನಿದ್ದೆ ಹೋಗಿದ್ದರು.

"ನಿನಗೆ ದಾರ ಗೊತ್ತುಂಟಂತಲ್ಲ ಮಾರಾಯ್ತಿ. ಒಳ್ಳೆಯದು ನೋಡಿ ಸುತ್ತಿಕೊಡು. ಭಾನುವಾರ ದೊಡ್ಡ ಜನ ಬರುತ್ತಾರೆ, ಮರ್ಯಾದೆ ಹೋಗಬಾರದು."

"ಆಯಿತು ಬಾವ, ಇಟ್ಟು ಹೋಗಿ," ಎಂದೆ.

"ಮಾವನೂ ಬರಲಿ. ಕಲ್ಲಿನ ಮೇಲೆ ಕೂತು ನೋಡಲಿ. ಪಾಪ."

ಆ 'ಪಾಪ' ಎನ್ನುವ ಮಾತು ಇಲ್ಲದಿದ್ದರೆ ನಾನು ಒಳ್ಳೆಯ ದಾರವನ್ನೇ ಸುತ್ತಿಕೊಡುತ್ತಿದ್ದೆನೋ ಏನೋ. ಇಷ್ಟು ವರ್ಷ ಕಳೆದ ಮೇಲೆ ಹಾಗೆ ಹೇಳುವುದು ಸುಲಭ. ನಿಜವಾಗಿ ನೋಡಿದರೆ ಅವರು ಕಾಗದ ಬಿಚ್ಚುವಾಗಲೇ ನಾನು ನಿರ್ಧರಿಸಿಯಾಗಿತ್ತು.

ರೀಲಿನ ತುಂಬ ಬಿಸಿಲು ತಿಂದ ಆ ದಾರವನ್ನು ಸುತ್ತಿದೆ. ಅದರ ತುದಿಗೆ, ಮೇಲೆ, ಮೂವತ್ತು ಮಾರು ಹೊಚ್ಚ ಹೊಸ ದಾರ. ಎರಡನ್ನೂ ಸೇರಿಸುವ ಗಂಟನ್ನು ಉಗುರಿಗೂ ಸಿಗದಷ್ಟು ಸಣ್ಣದಾಗಿ ಹಾಕಿದೆ. ಎಸೆಯಲಿಕ್ಕೆ ಹದಿನೈದು ಮಾರು ಸಾಕು. ಸಣ್ಣ ಮೀನು, ಸಾಧಾರಣ ಮೀನು ಬಂದರೆ ಮೇಲಿನ ದಾರದಲ್ಲೇ ಮುಗಿಯುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ದೊಡ್ಡ ಮೀನು ಓಡಿದರೆ ಮಾತ್ರ ಒಳಗಿನದು ಹೊರಬರುತ್ತದೆ. ಶನಿವಾರ ಬಾವ ಬಂದು ತುದಿಯನ್ನು ಕೈಗೆ ಸುತ್ತಿ ಎರಡು ಸಲ ಜಗ್ಗಿ ನೋಡಿದರು. "ಫಸ್ಟ್ ಕ್ಲಾಸ್," ಎಂದರು.

ಭಾನುವಾರ ಎರಡು ಕಾರುಗಳಲ್ಲಿ ಜನ ಬಂದರು. ವ್ಯಾಪಾರಿ, ಅವರ ಇಬ್ಬರು ಗೆಳೆಯರು, ಕಾರ್ಕಳದಿಂದ ಬಾವನ ಅಣ್ಣತಮ್ಮಂದಿರು. ಊರಿನವರೂ ಹತ್ತಿಪ್ಪತ್ತು ಮಂದಿ ಸೇರಿದರು. ಅಪ್ಪ ಬರಲಿಲ್ಲ. ನಾನು ನನ್ನ ಬಿದಿರು ಹಿಡಿದು ಸ್ವಲ್ಪ ದೂರದಲ್ಲಿ ನಿಂತೆ, ಗಾಳ ಹಾಕದೆ.

ಹತ್ತು ಗಂಟೆಯ ಸುಮಾರಿಗೆ ಉಬ್ಬರದ ನೀರು ಒಳಗೆ ಬರುವಾಗ ಬಾವನ ಕೋಲಿಗೆ ಏಟು ಬಿತ್ತು. ಮೀನು ಒಮ್ಮೆ ಮೇಲೆ ಬಂದು ತಲೆ ಒದರಿತು. ಎಲ್ಲರೂ ಕೂಗಿದರು. ದೇವರಾಣೆ, ಅದು ಫೋಟೋದ ಮೀನಿಗಿಂತ ದೊಡ್ಡದು. ಅಂಥದ್ದಕ್ಕಾಗಿ ನಾನು ಎರಡು ವರ್ಷ ಕಾದಿದ್ದೆ; ಅದು ಬಂದು ಬಾವನ ಗಾಳವನ್ನು ಕಚ್ಚಿತು.

"ನೋಡಿ ನೋಡಿ!" ಎಂದು ಬಾವ ವ್ಯಾಪಾರಿಯ ಕಡೆ ತಿರುಗಿದರು. ಮೀನು ಸಮುದ್ರದ ಕಡೆಗೆ ಓಡಿತು. ರೀಲು ಕಿರ್ರೆಂದಿತು. ನಾನು ಮನಸ್ಸಿನಲ್ಲೇ ಮಾರು ಎಣಿಸುತ್ತಿದ್ದೆ. ಇಪ್ಪತ್ತು. ಇಪ್ಪತ್ತೈದು. ಮೂವತ್ತು ದಾಟಿತು. ಬಾವ ಕಾಲು ಒತ್ತಿ ಹಿಂದಕ್ಕೆ ವಾಲಿ ಪೂರ್ತಿ ಬಲ ಹಾಕಿ ಎಳೆದರು. ದಾರ ತುಂಡಾದ ಸದ್ದು ಬಹಳ ಚಿಕ್ಕದು, ಹಲ್ಲಿನಲ್ಲಿ ನೂಲು ಕಡಿದ ಹಾಗೆ. ಬಾವ ಎರಡೂ ಕಾಲು ಮೇಲಾಗಿ ಹಿಂದಿನ ಕೆಸರಿಗೆ ಬಿದ್ದರು. ಬಿಳಿ ಪ್ಯಾಂಟು.

ವ್ಯಾಪಾರಿ ಮೊದಲು ನಕ್ಕರು. ದೊಡ್ಡವರು ನಕ್ಕ ಮೇಲೆ ಉಳಿದವರಿಗೆ ಅಡ್ಡಿಯಿರಲಿಲ್ಲ. ನಾನು ಹತ್ತಿರ ಹೋಗಿ, ಎಲ್ಲರಿಗೂ ಕೇಳುವ ಹಾಗೆ, ಬಹಳ ವಿನಯದಿಂದ ಕೇಳಿದೆ: "ಎಂತ ಆಯಿತು ಬಾವ? ಕೈ ನಡುಗಿತಾ?"

ಅವರು ನನ್ನ ಮುಖ ನೋಡಿದರು. ಆಗಲೇ ಗೊತ್ತಾಯಿತೋ ಏನೋ. ಕೋಲನ್ನು ಅಲ್ಲೇ ಬಿಸಾಡಿ ಕಾರಿನಲ್ಲಿ ಹೊರಟುಹೋದರು. ನಾನು ಅದನ್ನು ಎತ್ತಿಕೊಂಡು ಮನೆಗೆ ನಡೆದೆ. ನಡೆಯುವಾಗ ನಗು ಬಂತು, ತಡೆಯಲು ಆಗಲಿಲ್ಲ. ಎದುರಿಗೆ ಸಿಕ್ಕ ಒಬ್ಬ ಬ್ಯಾರಿ ಅಜ್ಜ ಸೈಕಲ್ ನಿಲ್ಲಿಸಿ, "ಎಂತ ಮಗಳೇ, ಮದುವೆ ಗೊತ್ತಾಯಿತಾ?" ಎಂದು ಕೇಳಿದರು.

ಅಪ್ಪ ಜಗಲಿಯಲ್ಲಿದ್ದರು. ಸುದ್ದಿ ನನಗಿಂತ ಮೊದಲೇ ತಲುಪಿತ್ತು. ರೀಲನ್ನು ಕೇಳಿ ತೆಗೆದುಕೊಂಡರು. ದಾರದ ತುದಿಯನ್ನು ಉಗುರಿನಿಂದ ಕೆರೆದರು. ಬಿಳಿ ಪುಡಿ ಬಂತು. ಎರಡು ಕೈಯಲ್ಲಿ ಹಿಡಿದು ಜಗ್ಗಿದರು. ಆ ನಡುಗುವ ಕೈಗಳಲ್ಲೇ ಅದು ತುಂಡಾಯಿತು.

"ಇದನ್ನು ನೀನು ಗೊತ್ತಿದ್ದೇ ಸುತ್ತಿದ್ದಾ?"

"ಹೌದು."

"ಮೀನಿನ ಬಾಯಲ್ಲಿ ಗಾಳ ಉಂಟು. ಹಿಂದೆ ಅಷ್ಟುದ್ದ ದಾರ ಉಂಟು. ಯಾವುದಾದರೂ ಕಲ್ಲಿಗೆ ಸುತ್ತಿಕೊಂಡು ಹಸಿವಿನಿಂದ ಸಾಯುತ್ತದೆ. ಅದು ನಿನಗೆ ಎಂತ ಮಾಡಿತ್ತು?"

ಬಾವನ ಬಗ್ಗೆ ಎಂತ ಬೇಕಾದರೂ ಹೇಳಿದ್ದರೆ ಉತ್ತರ ಕೊಡುತ್ತಿದ್ದೆ. ಆ ಮೀನಿನ ಲೆಕ್ಕ ಇವತ್ತಿಗೂ ನನ್ನ ಮೇಲಿದೆ, ಅದನ್ನು ಒಪ್ಪುತ್ತೇನೆ. ಒಳಗೆ ಹೋಗಿ ಅಕ್ಕಿ ತೊಳೆಯಲು ಕುಳಿತೆ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದರು.

"ಬಿದ್ದನಾ?"

"ಬಿದ್ದರು."

"ಹೇಗೆ?"

ಹೇಳಿದೆ. ಕಾಲು ಎಷ್ಟು ಮೇಲೆ ಹೋಯಿತು, ಕೆಸರು ಎಲ್ಲಿಯವರೆಗೆ ಬಂತು, ವ್ಯಾಪಾರಿ ಹೊಟ್ಟೆ ಹಿಡಿದುಕೊಂಡದ್ದು, ಎಲ್ಲ. ಅಪ್ಪ ಬಾಗಿಲ ಚೌಕಟ್ಟು ಹಿಡಿದು ಕೇಳಿದರು. ಆಮೇಲೆ, "ಇನ್ನೊಮ್ಮೆ ಹೇಳು," ಎಂದರು. ಎರಡನೆಯ ಸಲ ಹೇಳುವಾಗ ಅವರ ಭುಜ ಕುಲುಕುತ್ತಿತ್ತು. ಎರಡು ವರ್ಷದ ಮೇಲೆ ಅಪ್ಪ ನಕ್ಕದ್ದು.

ರೀಲಿನಲ್ಲಿ ಉಳಿದ ದಾರವನ್ನು ಬಿಚ್ಚಿ ಒಲೆಗೆ ಹಾಕಲು ಹೊರಟೆ. ಅಪ್ಪ ತಡೆದರು. "ಬಿಚ್ಚಬೇಡ. ಹಾಗೇ ಕೊಟ್ಟು ಕಳುಹಿಸು. ಅವನು ನೋಡಲಿ." ಅದು ಪ್ರಾಮಾಣಿಕತೆಯೋ, ನನ್ನದಕ್ಕಿಂತ ಗಟ್ಟಿಯಾದ ಸೇಡೋ, ನನಗೆ ಇವತ್ತಿಗೂ ತಿಳಿದಿಲ್ಲ.

ಬಾವ ನೋಡಿದರು. ಒಂದು ವಾರದ ಮೇಲೆ ಅಕ್ಕ ಕಾರ್ಕಳದಿಂದ ಒಬ್ಬಳೇ ಬಸ್ಸಿನಲ್ಲಿ ಬಂದಳು. ಚಪ್ಪಲಿ ಕಳಚದೆ ಅಂಗಳದಲ್ಲೇ ನಿಂತಳು. ವ್ಯಾಪಾರಿ ಪಾಲುದಾರಿಕೆಗೆ ಒಪ್ಪಲಿಲ್ಲವಂತೆ. ಬಿದ್ದದ್ದೇ ಕಾರಣವೋ, ಬೇರೆ ಏನೋ ಇತ್ತೋ, ಯಾರಿಗೆ ಗೊತ್ತು; ಬಾವ ಮಾತ್ರ ಅದೇ ಕಾರಣವೆಂದು ನಂಬಿದ್ದರು. ಹಳದಿ ಕೋಲನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು.

"ನೀನು ಅವರಿಗೆ ಮಾಡಿದ್ದಲ್ಲ, ನನಗೆ ಮಾಡಿದ್ದು," ಎಂದಳು ಅಕ್ಕ. "ಆ ಮನೆಯಲ್ಲಿ ನಾನು ತಲೆ ಎತ್ತುವುದು ಹೇಗೆ?"

"ಅಪ್ಪನ ಕೈಯ ಸುದ್ದಿ ಬಾವನಿಗೆ ಹೇಳಿದ್ದು ಯಾರು?" ಎಂದೆ.

ಅವಳು ಬಂದ ಕಾಲಿನಲ್ಲೇ ತಿರುಗಿ ಹೋದಳು. ಆಮೇಲೆ ಮೂರು ವರ್ಷ ನಾವು ಮಾತನಾಡಲಿಲ್ಲ. ಅವಳಿಗೆ ಹೆರಿಗೆಯಾದದ್ದು ನನಗೆ ಪರರಿಂದ ತಿಳಿಯಿತು. ನಾನು ಹೋಗಲಿಲ್ಲ. ಅಪ್ಪ ಒಬ್ಬರೇ ಹೋಗಿ ಮಗುವನ್ನು ನೋಡಿ ಬಂದರು.

ಅಪ್ಪ ತೀರಿಕೊಂಡದ್ದು ಆ ಮೂರನೆಯ ವರ್ಷ, ಮಳೆಗಾಲದ ಆರಂಭದಲ್ಲಿ. ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ, ಬಂಧುಗಳೂ ಶಾಲೆಯವರೂ ಬಂದಿದ್ದರು. ಗಂಡುಮಕ್ಕಳಿಲ್ಲದ ಮನೆ, ಓಡಾಟವೆಲ್ಲ ಬಾವನದ್ದೇ. ಅದನ್ನು ಅವರು ಸರಿಯಾಗಿ ಮಾಡಿದರು, ಇಲ್ಲ ಎನ್ನಲಾರೆ. ಪಂಕ್ತಿಯಲ್ಲಿ ನಾನು ಪಾಯಸ ಬಡಿಸುತ್ತಿದ್ದೆ. ಯಾರೋ ಅಪ್ಪನ ಗಾಳದ ಮಾತು ಎತ್ತಿದರು. ಬಾವ ನೀರಿನ ಕೊಡಪಾನ ಹಿಡಿದು ನಿಂತಿದ್ದವರು, ತಲೆ ತಗ್ಗಿಸಿ ಸಣ್ಣ ಸ್ವರದಲ್ಲಿ, "ಆ ದೊಡ್ಡ ಮೀನು ಮಾವನೇ ಹಿಡಿದದ್ದು. ನಾನು ದಡಕ್ಕೆ ಎಳೆದದ್ದು ಮಾತ್ರ," ಎಂದರು.

ಕರಗಬೇಕಿತ್ತು. ನಾನು ಕರಗಲಿಲ್ಲ. ಕೇಳಬೇಕಾದವರು ಹೋದ ಮೇಲೆ ಹೇಳಿದ ಮಾತು. ಮೂರನೆಯ ಎಲೆಯಲ್ಲಿ ಹಳೆಯ ಹೆಡ್‌ಮಾಸ್ಟರು ಕುಳಿತಿದ್ದರು, ಕಿವಿ ಮಂದವಾಗಿತ್ತು.

"ಬಾವ, ಇನ್ನೊಮ್ಮೆ ಹೇಳಿ," ಎಂದೆ ಜೋರಾಗಿ. "ಸರ್‌ಗೆ ಕೇಳಲಿಲ್ಲ."

ಬಾವ ನನ್ನನ್ನು ನೋಡಲಿಲ್ಲ. ಹೆಡ್‌ಮಾಸ್ಟರ ಎದುರು ಹೋಗಿ ಬಾಗಿ, ಗಟ್ಟಿಯಾಗಿ, ಶಬ್ದ ಶಬ್ದ ಬಿಡಿಸಿ ಹೇಳಿದರು. ಆ ಮುದುಕರು ತಲೆ ಆಡಿಸಿ, ಪಾಯಸದಲ್ಲಿ ಬೆರಳಿಟ್ಟು ಹಾಗೇ ಕುಳಿತರು.

ಸಂಜೆ ಎಲ್ಲರೂ ಹೋದ ಮೇಲೆ ಅಕ್ಕ ಹಿತ್ತಿಲಿಗೆ ಬಂದಳು. ನಾನು ದೊಡ್ಡ ಪಾತ್ರೆಗಳನ್ನು ತಿಕ್ಕುತ್ತಿದ್ದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿಗೆ ಕುಳಿತಳು.

"ಈಗ ಸಮಾಧಾನ ಆಯಿತಾ ನಿನಗೆ?"

"ಸ್ವಲ್ಪ," ಎಂದೆ.

"ಸ್ವಲ್ಪವಾ! ಇನ್ನೂ ಎಂತ ಬೇಕು ಮಾರಾಯ್ತಿ ನಿನಗೆ?"

ಅವಳು ನನ್ನ ಕೈಯಿಂದ ತೆಂಗಿನ ನಾರು ಕಿತ್ತುಕೊಂಡು, ಬೂದಿ ಅದ್ದಿ, ಕಡಾಯಿಯ ತಳವನ್ನು ತಿಕ್ಕತೊಡಗಿದಳು. ನಾನು ನೀರು ಹೊಯ್ದೆ.